ಕೇಳಿದ್ದೀರಿ, ಹೇಳುತ್ತೇನೆ: ಮೈಲುತುತ್ತು, ಬರಿಗಾಲು, ಪುಂಡಿ ನಾರು

ಪ್ರಶ್ನೆ: ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಆ ಹೆಸರು ಯಾಕೆ ಬಂತು? ಬೋರ್ಡೋ ಅಂದರೆ ಕಂಪನಿಯಾ? (ತೀರ್ಥಹಳ್ಳಿಯ ಓದುಗರು)

ಕಂಪನಿ ಅಲ್ಲ, ಊರು. ಫ್ರಾನ್ಸಿನ ದ್ರಾಕ್ಷಿ ಸೀಮೆ. ಅಲ್ಲಿನ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಕಲಸಿ ಎರಚುತ್ತಿದ್ದರು. ರೋಗಕ್ಕಲ್ಲ, ಕಳ್ಳರಿಗೆ! ನೀಲಿ ಬಣ್ಣ ನೋಡಿ ವಿಷ ಅಂದುಕೊಂಡು ದಾರಿಹೋಕರು ಹಣ್ಣು ಮುಟ್ಟದಿರಲಿ ಅಂತ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ದಾರಿಯಲ್ಲಿ ಹೋಗುವಾಗ ಒಂದು ವಿಷಯ ಗಮನಿಸಿದರು. ಒಳಗಿನ ಬಳ್ಳಿಗಳೆಲ್ಲ ಬೂಜು ರೋಗಕ್ಕೆ ಎಲೆ ಉದುರಿಸಿದ್ದವು. ನೀಲಿ ಬಿದ್ದ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ಪ್ರಯೋಗ ಮಾಡಿ, 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು.

ನಮ್ಮ ಮಲೆನಾಡಿಗೆ ಈ ಮದ್ದು ಬಂದದ್ದರ ಹಿಂದೆ ಲೆಸ್ಲಿ ಕೋಲ್ಮನ್ ಇದ್ದಾರೆ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸಿ ಉದುರಿಸುವ ಕೊಳೆರೋಗದ ಬಗ್ಗೆ ಅವರ ವರದಿ 1910ರಲ್ಲೇ ಅಚ್ಚಾಯಿತು. ಅದಕ್ಕೆ ಮೊದಲು ಮಳೆ ನೀರು ಇಳಿಯದ ಹಾಗೆ ಗೊನೆಗೆ ಕೊಟ್ಟೆ ಕಟ್ಟುವುದೇ ದಾರಿ. ಸಾವಿರ ಮರಕ್ಕೆ ಸಾವಿರ ಸಲ ಹತ್ತಬೇಕು. ಆ ಕಷ್ಟ ನೆನೆದರೆ ಕೋಲ್ಮನ್ ಹೆಸರನ್ನು ನಮ್ಮ ಮಕ್ಕಳಿಗೆ ಹೇಳಿಕೊಡಲೇಬೇಕು ಅನಿಸುತ್ತದೆ.

ನಮ್ಮ ತೋಟದಲ್ಲಿ ಇವತ್ತಿಗೂ ಅದೇ ಲೆಕ್ಕ: 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಹಾಕಬೇಕು. ತಿರುಗಾಮುರುಗಾ ಮಾಡಿದರೆ ಗಸಿ ಬೇಗ ಕೆಳಗೆ ಕೂತುಬಿಡುತ್ತದೆ. ಆಮೇಲೆ ನಮ್ಮಪ್ಪ ಸೊಂಟದ ಕತ್ತಿ ತೆಗೆದು ಅದರೊಳಗೆ ಸ್ವಲ್ಪ ಹೊತ್ತು ಅದ್ದಿ ಹಿಡಿಯುತ್ತಿದ್ದರು. ಕತ್ತಿಯ ಮೇಲೆ ತಾಮ್ರದ ಕೆಂಪು ಕಂಡರೆ, "ಇನ್ನೊಂದು ಚೂರು ಸುಣ್ಣ ಹಾಕೋ" ಅನ್ನುವರು. ನಾನು ಈಗಲೂ ಹಾಗೇ ನೋಡುವುದು.

ಇನ್ನೊಂದು ಮಾತು ಹೇಳದೆ ಬಿಡಲಾರೆ. ಕಾಫಿಗೂ ಕೊಳೆರೋಗ ಬರುತ್ತದೆ ಅಲ್ವಾ? ಅದನ್ನು ತರುವ ಶಿಲೀಂಧ್ರ ಬೇರೆ. 1876ರಲ್ಲಿ ಇಂಗ್ಲೆಂಡಿನ ಕುಕ್ ಎಂಬ ವಿಜ್ಞಾನಿ ಅದಕ್ಕೆ ಇಟ್ಟ ಹೆಸರು 'ಪೆಲಿಕ್ಯುಲೇರಿಯಾ ಕೊಳೆರೋಗ'. ನಮ್ಮ ರೈತರ ಬಾಯಿಮಾತು ಹಾಗೇ ವಿಜ್ಞಾನದ ಹೆಸರಾಯಿತು. ಇದನ್ನು ಮೊದಲ ಸಲ ಓದಿದ ದಿನ ನನಗೆ ಆದ ಖುಷಿ ಇನ್ನೂ ಮಾಸಿಲ್ಲ.

ಪ್ರಶ್ನೆ: ಬೂಟು ಹಾಕಿಕೊಳ್ಳಲು ಒಪ್ಪದ್ದಕ್ಕೆ ಭಾರತ 1950ರ ಫುಟ್‌ಬಾಲ್ ವಿಶ್ವಕಪ್‌ಗೆ ಹೋಗಲಿಲ್ಲವಂತೆ, ನಿಜವಾ? (ಶಿವಮೊಗ್ಗದ ಓದುಗರು)

ಎಲ್ಲರೂ ಹೇಳುವ ಕತೆ ಇದು. ಆದರೆ ಆ ತಂಡದ ಶೈಲೇನ್ ಮನ್ನಾ ಅವರೇ ಇದನ್ನು ಒಪ್ಪಿರಲಿಲ್ಲ. ಆಗ ನಮ್ಮವರಿಗೆ ಒಲಿಂಪಿಕ್ಸೇ ದೊಡ್ಡದು. ವಿಶ್ವಕಪ್ ಅಂದರೆ ಏನು ಅಂತ ಗೊತ್ತಿದ್ದದ್ದೇ ಕಡಿಮೆ. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ನಮಗೆ ಜಾಗ ಸಿಕ್ಕಿತ್ತು. ಕೈಗೆ ಬಂದದ್ದನ್ನು ಬಿಟ್ಟೆವು.

ಬರಿಗಾಲಿನ ಮಾತು ಪೂರ್ತಿ ಸುಳ್ಳೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಚ್ಚಿನ ಆಟಗಾರರು ಬರಿಗಾಲಲ್ಲೇ ಆಡಿ ಫ್ರಾನ್ಸಿಗೆ 2–1ರಲ್ಲಿ ಸೋತರು. ಎರಡು ಪೆನಾಲ್ಟಿ ಕೈತಪ್ಪದಿದ್ದರೆ ಗೆಲ್ಲುವ ಆಟ ಅದು. ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲಿದ್ದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಲ್ಲಿ ಸೋಲಿಸಿತು. ನಮ್ಮ ಆ ಒಂದೇ ಗೋಲು ಅಹ್ಮದ್ ಖಾನ್ ಅವರದ್ದು. ಬೂಟು ಕಡ್ಡಾಯವಾದದ್ದು ಆ ಸೋಲಿನ ನಂತರ.

ಪ್ರಶ್ನೆ: ತುಂಗಾ, ಭದ್ರಾ ಎರಡೂ ಒಂದೇ ಕಡೆ ಹುಟ್ಟುತ್ತವಾ? (ಭದ್ರಾವತಿಯ ವಿದ್ಯಾರ್ಥಿನಿ)

ಹೌದಮ್ಮ. ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆಯಾಗಿ ಹರಿದು, ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಮತ್ತೆ ಸೇರುತ್ತವೆ. ಅದೇ ಬೆಟ್ಟಸಾಲಿನ ನೇತ್ರಾವತಿ ಮಾತ್ರ ಪಡುವಣಕ್ಕೆ ತಿರುಗಿ ಮಂಗಳೂರಿನ ಕಡಲು ಸೇರುತ್ತದೆ.

ಪ್ರಶ್ನೆ: ಚಾವಿ, ಸಾಬೂನು ಕನ್ನಡದ ಪದಗಳೇ? (ಕುಮಟಾದ ಓದುಗರು)

ಪೋರ್ಚುಗೀಸರಿಂದ ಬಂದವು. ನಿಮ್ಮ ಕರಾವಳಿಯಲ್ಲಿ ಕಿಟಕಿಗೆ ಹೇಳುವ ಜನೆಲವೂ ಅವರದ್ದೇ. ಅವರೂ ಸುಮ್ನೆ ಹೋಗಲಿಲ್ಲ. ನಮ್ಮ ಅಡಿಕೆ, ಮಲಯಾಳದ ಅಡಯ್ಕ ಅವರ ಬಾಯಲ್ಲಿ 'ಅರೆಕಾ' ಆಗಿ ಯುರೋಪಿಗೆ ಹೋಯಿತು.

ಪ್ರಶ್ನೆ: ಹಸೆ ಚಿತ್ತಾರಕ್ಕೆ ಯಾವ ಬ್ರಷ್, ಯಾವ ಬಣ್ಣ? (ಸಾಗರದ ಶಿಕ್ಷಕಿ)

ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆ ಮೇಲೆ ಬರೆಯುವ ಚಿತ್ರಕಲೆ ಇದು. ಗೋಡೆಗೆ ಕೆಮ್ಮಣ್ಣು ಬಳಿಯುತ್ತಾರೆ. ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಕಲು ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಬ್ರಷ್ ಅಂದರೆ ಪುಂಡಿ ಗಿಡದ ನಾರು. ಪಕ್ಕದ ಕೇರಿಯ ಅಜ್ಜಿಯೊಬ್ಬರು ಮೊಮ್ಮಗಳ ಮದುವೆಗೆ ಬರೆಯುವಾಗ ನಾನು ಕೂತು ನೋಡಿದ್ದೇನೆ. ಸ್ಕೇಲಿಲ್ಲ, ಪೆನ್ಸಿಲಿಲ್ಲ. ನಾರನ್ನು ಅಕ್ಕಿ ಹಿಟ್ಟಿನ ನೀರಲ್ಲಿ ಅದ್ದಿ, ಉಸಿರು ಹಿಡಿದು ಒಂದೇ ಎಳೆ. ಗೋಡೆ ಮೇಲೆ ಏನೂ ಕಾಣಲಿಲ್ಲ. "ಒಣಗಲಿ ತಡಿ" ಅಂದರು ಅಜ್ಜಿ. ಕಾಫಿ ಕುಡಿದು ಬರುವಷ್ಟರಲ್ಲಿ ಗೆರೆಗಳೆಲ್ಲ ಬೆಳ್ಳಗೆ ಎದ್ದು ನಿಂತಿದ್ದವು.