ರಕ್ತದಲ್ಲಿ ಈಸ್ಟ್ರೋಜೆನ್ ನಾರ್ಮಲ್ ಇದ್ದರೂ ಫೈಬ್ರಾಯ್ಡ್ ಯಾಕೆ ಬೆಳೆಯುತ್ತದೆ?

ಫೈಬ್ರಾಯ್ಡ್ (ಗರ್ಭಕೋಶದ ಸ್ನಾಯುವಿನಲ್ಲಿ ಹುಟ್ಟುವ ಗಡ್ಡೆ) ಬೆಳೆಯೋದು ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನ್‌ನಿಂದ ಅಂತ ಡಾಕ್ಟರ್ ಹೇಳಿದರು, ಆದರೆ ರಿಪೋರ್ಟ್‌ನಲ್ಲಿ ಈಸ್ಟ್ರೋಜೆನ್ ನಾರ್ಮಲ್ ಬಂದಿದೆ, ಯಾರು ಸರಿ ಅಂತ ಕೇಳಿದ್ದೀರಿ. ಇಬ್ಬರೂ ಸರಿ. ನಿಮ್ಮ ರಿಪೋರ್ಟ್ ರಕ್ತದ ಲೆಕ್ಕ ಹೇಳುತ್ತದೆ, ಗಡ್ಡೆಯ ಒಳಗಿನ ಲೆಕ್ಕ ಅದರಲ್ಲಿ ಬರೋದಿಲ್ಲ.

ನಾನು ಕೆಲವು ವರ್ಷ ಪೆಥಾಲಜಿ ಲ್ಯಾಬ್‌ನಲ್ಲಿದ್ದೆ. ತೆಗೆದ ಗರ್ಭಕೋಶ ಕೊಯ್ದಾಗ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಸುತ್ತಲಿನ ಸ್ನಾಯು ನಸುಗೆಂಪು, ಮೆತ್ತಗೆ. ಫೈಬ್ರಾಯ್ಡ್ ಬೆಳ್ಳಗೆ, ಗಟ್ಟಿ. ದಾರದ ಉಂಡೆ ಸುತ್ತಿದ ಹಾಗೆ ಸುಳಿಸುಳಿಯಾಗಿರುತ್ತದೆ, ಕೊಯ್ದ ತಕ್ಷಣ ಉಬ್ಬಿ ಮೇಲೇಳುತ್ತದೆ. ಎರಡೂ ಸ್ನಾಯುವೇ. ಆದರೆ ಒಳಗಿನ ವ್ಯವಹಾರ ಬೇರೆ.

ಆರೋಗ್ಯವಂತ ಸ್ನಾಯು ಹೆಚ್ಚುಕಡಿಮೆ ಅಂಡಾಶಯ ಕಳಿಸಿದ ಈಸ್ಟ್ರೋಜೆನ್ ನಂಬಿಕೊಂಡೇ ಇರುತ್ತದೆ. ಫೈಬ್ರಾಯ್ಡ್‌ಗೆ ಅಷ್ಟು ಸಾಲದು. ಅದರಲ್ಲಿ ಅರೋಮಟೇಸ್ ಅನ್ನೋ ಎಂಜೈಮ್ ಜಾಸ್ತಿ. ರಕ್ತದಲ್ಲಿ ಬರುವ ಆಂಡ್ರೋಜೆನ್ (ಗಂಡು ಹಾರ್ಮೋನ್ ಅನ್ನುತ್ತಾರೆ, ಹೌದು, ಹೆಂಗಸರಲ್ಲೂ ಇರುತ್ತದೆ) ಹಿಡಿದು ಅದನ್ನು ಎಸ್ಟ್ರೋನ್ ಮಾಡುತ್ತದೆ. ಎಸ್ಟ್ರೋನ್ ಸ್ವಲ್ಪ ಸಪ್ಪೆ ಈಸ್ಟ್ರೋಜೆನ್. ಇನ್ನೊಂದು ಎಂಜೈಮ್ ಅದನ್ನು ಎಸ್ಟ್ರಾಡಯಾಲ್ ಅನ್ನೋ ಇನ್ನೊಂದು ಈಸ್ಟ್ರೋಜೆನ್ ಆಗಿ ತಿರುಗಿಸುತ್ತದೆ, ಜೋರು ಇರೋದು ಇದಕ್ಕೆ. ತಯಾರಿಯೂ ಅಲ್ಲೇ, ಖರ್ಚೂ ಅಲ್ಲೇ. ರಕ್ತಕ್ಕೆ ಸುದ್ದಿ ಹೋಗೋದೇ ಇಲ್ಲ, ಅಲ್ವಾ?

ಕರಗಿಸುವ ಕಡೆಯೂ ಫರಕು ಇದೆ. ಎಸ್ಟ್ರಾಡಯಾಲ್ ಒಡೆಯುವಾಗ ಹುಟ್ಟುವ ವಸ್ತುಗಳಲ್ಲಿ ಒಂದು ೪-ಹೈಡ್ರಾಕ್ಸಿ ಎಸ್ಟ್ರಾಡಯಾಲ್. ಇದು ಫೈಬ್ರಾಯ್ಡ್‌ನಲ್ಲಿ ಪಕ್ಕದ ಸ್ನಾಯುವಿಗಿಂತ ಹೆಚ್ಚು ತಯಾರಾಗುತ್ತದೆ. ಕಸ ಅಂತ ಬಿಡೋ ಹಾಗಿಲ್ಲ, ಇದಕ್ಕೂ ಈಸ್ಟ್ರೋಜೆನ್‌ನ ಕಸುವು ಇದೆ.

ಹಾಗಂತ ಎಲ್ಲಾ ತಪ್ಪನ್ನೂ ಈಸ್ಟ್ರೋಜೆನ್ ತಲೆಗೆ ಕಟ್ಟಬೇಡಿ. ಸುಮಾರು ೭೦% ಫೈಬ್ರಾಯ್ಡ್‌ಗಳಲ್ಲಿ ಎಂಇಡಿ೧೨ ಅನ್ನೋ ಜೀನ್ ಕೆಟ್ಟಿರುತ್ತದೆ. ಈಸ್ಟ್ರೋಜೆನ್ ಮಾಡುವ ದೊಡ್ಡ ಕೆಲಸ ಅಂದರೆ ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹೆಣ್ಣು ಹಾರ್ಮೋನ್ ಹಿಡಿಯುವ ರಿಸೆಪ್ಟರ್‌ಗಳನ್ನು ಹೆಚ್ಚಿಸೋದು. ಆಮೇಲೆ ಗಡ್ಡೆಯನ್ನು ನಿಜವಾಗಿ ಬೆಳೆಸೋದು ಪ್ರೊಜೆಸ್ಟರಾನ್. ಇವರಿಬ್ಬರ ಜೋಡಿಯನ್ನು ಜನ ಮರೆತುಬಿಡುತ್ತಾರೆ.

ಅಂಡಾಶಯವನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸುವ ಇಂಜೆಕ್ಷನ್ ಕೊಟ್ಟರೆ ಗಡ್ಡೆ ಕುಗ್ಗುತ್ತದೆ, ನಿಲ್ಲಿಸಿದರೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಲೆಟ್ರೊಜೋಲ್ ಮಾತ್ರೆ ಅರೋಮಟೇಸ್‌ಗೇ ಕೈ ಹಾಕುತ್ತದೆ, ಗಡ್ಡೆಯ ಒಳಗಿನದಕ್ಕೂ ಸೇರಿ. ಡಾಕ್ಟರ್ ಹೇಳದೆ ಇದನ್ನೆಲ್ಲ ತಗೋಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಸುಮ್ನೆ ಈಸ್ಟ್ರೋಜೆನ್ ಟೆಸ್ಟ್ ಮತ್ತೆ ಮಾಡಿಸುತ್ತಿರಲಿಲ್ಲ. ಗಡ್ಡೆಯ ಗಾತ್ರಕ್ಕೆ ಸ್ಕ್ಯಾನ್, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಹಿಮೋಗ್ಲೋಬಿನ್. ಇವೆರಡನ್ನು ನೋಡಿಸುತ್ತಿದ್ದೆ.