ಎಂಜೈಮ್, ಕಿಣ್ವ: ಹೆಸರುಗಳ ಮೂಲ

ಪ್ರಶ್ನೆ: ಎಂಜೈಮ್ ಎಂಬ ಪದ ಎಲ್ಲಿಂದ ಬಂತು? ಅದನ್ನು ಕಿಣ್ವ ಎನ್ನುವುದೇಕೆ? ಅಮೈಲೇಸ್, ಲೈಪೇಸ್ ಮುಂತಾದವು ‘ಏಸ್’ ಎಂದು ಮುಗಿದರೆ ಪೆಪ್ಸಿನ್ ಏಕೆ ಹಾಗಿಲ್ಲ?

ಉತ್ತರ: ಜೀವಿಗಳಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳ ವೇಗವನ್ನು ಹೆಚ್ಚಿಸಿ, ಕ್ರಿಯೆ ಮುಗಿದ ಮೇಲೂ ತಾನು ವ್ಯಯವಾಗದೆ ಉಳಿಯುವ ವಸ್ತುವೇ ಎಂಜೈಮ್. ಇವುಗಳಲ್ಲಿ ಬಹುಪಾಲು ಪ್ರೋಟೀನುಗಳು. ಕೆಲವು ಆರ್‌ಎನ್‌ಎ ಅಣುಗಳೂ ಈ ಕೆಲಸವನ್ನು ಮಾಡಬಲ್ಲವು.

ಈ ಪದವನ್ನು 1870ರ ದಶಕದಲ್ಲಿ ಬಳಕೆಗೆ ತಂದವರು ಜರ್ಮನಿಯ ಶರೀರಕ್ರಿಯಾ ವಿಜ್ಞಾನಿ ವಿಲ್ಹೆಲ್ಮ್ ಕ್ಯೂನೆ. ಗ್ರೀಕ್ ಭಾಷೆಯಲ್ಲಿ ‘ಎನ್’ ಎಂದರೆ ಒಳಗೆ, ‘ಜೈಮೆ’ ಎಂದರೆ ಹುದುಗು. ಹುದುಗುವಿಕೆಗೆ ಜೀವಂತ ಯೀಸ್ಟ್ ಬೇಕೇ ಬೇಕೆಂದು ಲೂಯಿ ಪಾಶ್ಚರ್ ವಾದಿಸುತ್ತಿದ್ದ ಕಾಲವದು. ಆದರೆ ಜಠರರಸದ ಪೆಪ್ಸಿನ್ ಜೀವಕೋಶದ ನೆರವಿಲ್ಲದೆಯೂ ಆಹಾರವನ್ನು ಒಡೆಯುತ್ತಿತ್ತು. ಜೀವಂತ ಹುದುಗು ಮತ್ತು ಇಂಥ ನಿರ್ಜೀವ ವಸ್ತು ಎರಡಕ್ಕೂ ಒಂದೇ ಹೆಸರಿದ್ದುದರಿಂದ ಉಂಟಾಗುತ್ತಿದ್ದ ಗೊಂದಲವನ್ನು ತಪ್ಪಿಸಲು ಕ್ಯೂನೆ ಎರಡನೆಯದಕ್ಕೆ ಎಂಜೈಮ್ ಎಂದು ಹೆಸರಿಟ್ಟರು. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು ಹಿಂಡಿ ತೆಗೆದ, ಜೀವಕೋಶಗಳೇ ಇಲ್ಲದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆಂದು ತೋರಿಸಿದಾಗ ಆ ವಿಭಜನೆಯೇ ಬಿದ್ದುಹೋಯಿತು. ಬೇರ್ಪಡಿಸಲೆಂದು ಹುಟ್ಟಿದ ಹೆಸರು ಎರಡನ್ನೂ ಒಳಗೊಂಡು ಉಳಿಯಿತು. ಬುಕ್ನರ್ ಅವರಿಗೆ 1907ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಕಿಣ್ವ ಎಂಬುದು ಹೊಸದಾಗಿ ಕಟ್ಟಿದ ಪದವಲ್ಲ. ಸಂಸ್ಕೃತದಲ್ಲಿ ಅದು ಮದ್ಯ ತಯಾರಿಕೆಗೆ ಬಳಸುವ ಹುದುಗಿನ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ, ಎಂದರೆ ಮದ್ಯದ ಮೇಲ್ವಿಚಾರಣೆಯ ಅಧಿಕಾರಿಯ, ಕರ್ತವ್ಯಗಳನ್ನು ಹೇಳುವ ಭಾಗದಲ್ಲಿ ಅದರ ಪ್ರಸ್ತಾಪವಿದೆ. ಹೀಗಾಗಿ ಗ್ರೀಕ್ ಮೂಲದ ಭಾವವನ್ನು ಇದು ಬಲು ಹತ್ತಿರದಿಂದ ಹಿಡಿದಿದೆ ಎನ್ನಬಹುದು. ಪಾರಿಭಾಷಿಕ ಪದಗಳಿಗೆ ಇಂಥ ಭಾಗ್ಯ ಸದಾ ಒದಗುವುದಿಲ್ಲ.

ಇನ್ನು ‘ಏಸ್’ ವಿಷಯ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಮೊಳಕೆ ಬಂದ ಬಾರ್ಲಿಯಿಂದ ಪಿಷ್ಟವನ್ನು ಒಡೆಯುವ ವಸ್ತುವನ್ನು ಬೇರ್ಪಡಿಸಿ, ಬೇರ್ಪಡಿಕೆ ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಡಯಾಸ್ಟೇಸ್ ಎಂಬ ಹೆಸರನ್ನಿಟ್ಟರು. ಆ ಹೆಸರಿನ ಕೊನೆಯನ್ನೇ ಮುಂದೆ ಎಲ್ಲ ಕಿಣ್ವಗಳಿಗೂ ಸೇರಿಸಬೇಕೆಂದು ಎಮಿಲ್ ಡ್ಯುಕ್ಲೋ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೂಚಿಸಿದರು. ಪೆಪ್ಸಿನ್‌ಗೆ ಥಿಯೊಡೋರ್ ಶ್ವಾನ್ ಹೆಸರಿಟ್ಟದ್ದು 1836ರಲ್ಲಿ, ಅಂದರೆ ನಿಯಮ ಬರುವುದಕ್ಕೆ ಬಹಳ ಮೊದಲು. ಕ್ಯೂನೆ ಅವರೇ ಹೆಸರಿಸಿದ, ಪ್ರೋಟೀನನ್ನು ಒಡೆಯುವ ಕಿಣ್ವವಾದ ಟ್ರಿಪ್ಸಿನ್ ಕೂಡ ಇದೇ ಕಾರಣದಿಂದ ‘ಏಸ್’ ಇಲ್ಲದೆ ಉಳಿದಿದೆ.