ಅಜ್ಜಿಗೂ ಅದೇ ಇಂಜೆಕ್ಷನ್, ಅತ್ತೆಗೂ ಅದೇ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿ ಜ್ಯಾಕ್ ಮಾರ್ಟಿನ್ ಬಗ್ಗೆ ಓದಿದೆ. ಒಬ್ಬರೇ ಮೂಳೆ ಸವೆತಕ್ಕೂ ಕ್ಯಾನ್ಸರಿಗೂ ಕೈ ಹಾಕಿದರೆ ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗಲ್ವಾ? ಇನ್ನೊಂದು ಮಾತು. ನಮ್ಮ ಅತ್ತೆಯ ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದೆ. ನಾಲ್ಕು ವಾರಕ್ಕೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್. ಪಕ್ಕದ ಮನೆ ಅಜ್ಜಿಗೂ ಅದೇ ಔಷಧಿ, ಆರು ತಿಂಗಳಿಗೊಮ್ಮೆ. ಅವರಿಗೂ ಕ್ಯಾನ್ಸರ್ ಇದ್ದು ಮುಚ್ಚಿಟ್ಟಿದ್ದಾರೆ ಅಂತ ಅತ್ತೆಗೆ ಅನುಮಾನ."

ಅತ್ತೆಯವರ ಅನುಮಾನಕ್ಕೆ ಮೊದಲು ಉತ್ತರ. ಔಷಧಿ ಒಂದೇ ಅಂದ ಮಾತ್ರಕ್ಕೆ ಕಾಯಿಲೆ ಒಂದೇ ಅಲ್ಲ. ಮೂಳೆ ಸವೆತಕ್ಕೆ ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ ಕೊಡುತ್ತಾರೆ. ಕ್ಯಾನ್ಸರ್ ಮೂಳೆಗೆ ಬಂದಿದ್ದರೆ ನಾಲ್ಕು ವಾರಕ್ಕೊಮ್ಮೆ 120. ಅಮೆರಿಕದಲ್ಲಿ ಎರಡಕ್ಕೂ ಒಪ್ಪಿಗೆ ಸಿಕ್ಕಿದ್ದು 2010ರಲ್ಲೇ. ಒಂದೇ ಔಷಧಿ ಎರಡೂ ಕಡೆ ಹೇಗೆ ನಡೆಯುತ್ತದೆ? ಇದು ಗೊತ್ತಾದರೆ ನಿಮ್ಮ ದೋಣಿಯ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಮೂಳೆ ಅಂದರೆ ಸದಾ ರಿಪೇರಿ ನಡೆಯುವ ಮನೆ. ಒಡೆಯುವ ಜೀವಕೋಶ ಮೂಳೆಗೆ ಅಂಟಿ ಕೂರುತ್ತದೆ. ಸುತ್ತ ಸಂದಿಲ್ಲದಂತೆ ಮುಚ್ಚಿಕೊಂಡು, ಕೆಳಗೆ ಆಸಿಡ್ ಬಿಡುತ್ತದೆ. ಸುಣ್ಣ ಕರಗಿ ಅಲ್ಲೊಂದು ಗುಳಿ ಬೀಳುತ್ತದೆ. ಅದು ಸರಿದ ಮೇಲೆ ಕಟ್ಟುವ ಕೋಶಗಳು ಬಂದು ಗುಳಿ ತುಂಬುತ್ತವೆ. ವಿಜ್ಞಾನಿಗಳನ್ನು ಕಾಡಿದ್ದು ಒಂದು ವಿಚಿತ್ರ. ಮೂಳೆ ಒಡೆಸುವ ಪ್ಯಾರಾಥೈರಾಯ್ಡ್ ಹಾರ್ಮೋನು ಬಂದು ಕೂರುತ್ತಿದ್ದದ್ದು ಒಡೆಯುವ ಕೋಶದ ಮೇಲಲ್ಲ, ಕಟ್ಟುವ ಕೋಶದ ಮೇಲೆ. 1981ರಲ್ಲಿ ಮಾರ್ಟಿನ್ ಮತ್ತು ಗಿಡಿಯನ್ ರೋಡನ್ ಒಂದು ಊಹೆ ಮುಂದಿಟ್ಟರು. ಹುಕುಂ ಬರುವುದು ಗಾರೆ ಮೇಸ್ತ್ರಿಗೆ. ಹಾರೆ ಹಿಡಿದವರನ್ನು ಕರೆಯುವವನು ಆ ಮೇಸ್ತ್ರಿಯೇ.

ಆಗ ಅದು ಬರೀ ಊಹೆ. ಮೇಸ್ತ್ರಿ ಕೂಗಿ ಕರೆಯುವ ಆ 'ಮಾತು' ಕೈಗೆ ಸಿಕ್ಕಿದ್ದು 1998ರಲ್ಲಿ, ಜಪಾನ್ ಮತ್ತು ಅಮೆರಿಕದ ಲ್ಯಾಬುಗಳಲ್ಲಿ. ಜಪಾನಿನದು ಒಂದು ಹಾಲಿನ ಕಂಪನಿಯ ಲ್ಯಾಬು! ಆ ಪ್ರೋಟೀನಿನ ಹೆಸರು ರ‍್ಯಾಂಕ್-ಎಲ್. ಡೆನೊಸುಮ್ಯಾಬ್ ಹೋಗಿ ಹಿಡಿಯುವುದು ಇದನ್ನೇ. ಕರೆ ತಲುಪದಿದ್ದರೆ ಹಾರೆಯವರು ಬರುವುದಿಲ್ಲ.

ಇನ್ನು ಕ್ಯಾನ್ಸರ್. ಮಾರ್ಟಿನ್ ಅದರ ಹತ್ತಿರ ಹೋದದ್ದು ಕ್ಯಾಲ್ಸಿಯಂ ಬೆನ್ನು ಹತ್ತಿ. ಕೆಲವು ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರುತ್ತದೆ. ತಡೆಯಲಾರದ ಬಾಯಾರಿಕೆ, ಮಲಬದ್ಧತೆ, ಆಮೇಲೆ ಮಂಕು. ಗಡ್ಡೆಯೇ ಪ್ಯಾರಾಥೈರಾಯ್ಡ್ ಹಾರ್ಮೋನು ಮಾಡುತ್ತಿರಬಹುದು ಎಂದು 1941ರಲ್ಲೇ ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಹೇಳಿದ್ದರು. ಆದರೆ ರಕ್ತ ಪರೀಕ್ಷೆಯಲ್ಲಿ ಆ ಹಾರ್ಮೋನು ಏರಿರುತ್ತಿರಲಿಲ್ಲ. 1987ರಲ್ಲಿ ಮೆಲ್ಬರ್ನ್‌ನ ಮಾರ್ಟಿನ್ ತಂಡ ಲ್ಯಾಬಿನಲ್ಲಿ ಬೆಳೆಸಿದ ಶ್ವಾಸಕೋಶ ಕ್ಯಾನ್ಸರ್ ಕೋಶಗಳಿಂದ ನಿಜವಾದ ಆಸಾಮಿಯನ್ನು ಬೇರ್ಪಡಿಸಿತು. ಹಾರ್ಮೋನಿನ ಅಣ್ಣತಮ್ಮನಂಥ ಪ್ರೋಟೀನು, ಪಿಟಿಎಚ್‌ಆರ್‌ಪಿ. ಮೊದಲ 13 ಅಮೈನೋ ಆಮ್ಲಗಳಲ್ಲಿ 8 ಒಂದೇ. ಹಾಗಾಗಿ ಕಟ್ಟುವ ಕೋಶದ ಮೇಲೆ ಹಾರ್ಮೋನಿಗೆ ತೆರೆಯುವ ಬಾಗಿಲು ಇದಕ್ಕೂ ತೆರೆಯುತ್ತದೆ.

ಸ್ತನ ಕ್ಯಾನ್ಸರ್ ಮೂಳೆಗೆ ಬಂದರೆ ಇದನ್ನು ಸುರಿಸುತ್ತದೆ. ಮೇಸ್ತ್ರಿ ಮೋಸಹೋಗಿ ಹಾರೆಯವರನ್ನು ಕರೆಯುತ್ತಾನೆ. ಮೂಳೆ ಕರಗಿದಾಗ ಅದರೊಳಗೆ ಹುದುಗಿದ್ದ ಬೆಳವಣಿಗೆಯ ಅಂಶಗಳು ಹೊರಬಂದು ಕ್ಯಾನ್ಸರನ್ನೇ ಪೋಷಿಸುತ್ತವೆ. ಈ ಸುಳಿಯನ್ನು ಇಲಿಗಳಲ್ಲಿ ತೋರಿಸಿಕೊಟ್ಟವರಲ್ಲಿ ಟೆಕ್ಸಾಸಿನ ಗ್ರೆಗರಿ ಮಂಡಿ, ಥೆರೆಸಾ ಗೈಸ್ ಮುಖ್ಯರು. ಅತ್ತೆಯವರ ಇಂಜೆಕ್ಷನ್ ಈ ಸುಳಿಯನ್ನು ನಡುವೆ ಕತ್ತರಿಸುತ್ತದೆ. ಅಜ್ಜಿಯ ಇಂಜೆಕ್ಷನ್ ತಡೆಯುವುದೂ ಅದೇ ಕರೆಯನ್ನು. ಮಾರ್ಟಿನ್ ಹತ್ತಿದ್ದು ಒಂದೇ ದೋಣಿ ಅಂತ ನನಗನ್ನಿಸುವುದು ಇದಕ್ಕೇ.

ಕಳೆದ ಸಲ ಜಾಗ ಸಾಲದೆ ಒಂದು ವಿಷಯ ಬಿಟ್ಟಿದ್ದೆವು. ಬಿಡಬಾರದಿತ್ತು. ಈ ಪಿಟಿಎಚ್‌ಆರ್‌ಪಿ ಹುಟ್ಟಾ ಕೆಟ್ಟದ್ದಲ್ಲ. ಬಾಣಂತಿಯ ಎದೆಯಲ್ಲೂ ಅದು ತಯಾರಾಗುತ್ತದೆ. ತಾಯಿಯ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ಮಗುವಿನ ಹಾಲಿಗೆ ಕಳಿಸುತ್ತದೆ. ಹಾಲು ಬಿಡಿಸಿದ ಮೇಲೆ ಮೂಳೆ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಕ್ಯಾನ್ಸರ್ ಕದ್ದದ್ದು ಈ ತಾಯ್ತನದ ಉಪಾಯವನ್ನು. 2006ರಲ್ಲಿ ಮಾರ್ಟಿನ್ ಮತ್ತು ಜೊತೆಗಾರರು ಇನ್ನೊಂದು ಅಚ್ಚರಿ ಬರೆದರು. ಸ್ತನದ ಮೂಲ ಗಡ್ಡೆಯಲ್ಲಿ ಈ ಪ್ರೋಟೀನು ಇದ್ದ ಹೆಂಗಸರು ಇಲ್ಲದವರಿಗಿಂತ ಜಾಸ್ತಿ ಕಾಲ ಬದುಕಿದ್ದರು. ತಾನೇ ಹಿಡಿದುಕೊಟ್ಟ ಅಪರಾಧಿಯ ಪರವಾಗಿ ತಾನೇ ಸಾಕ್ಷಿ ಹೇಳುವುದು ಸುಮ್ನೆ ಮಾತಲ್ಲ. ಆ ಮನುಷ್ಯನ ಮೇಲೆ ನನಗೆ ಗೌರವ ಹೆಚ್ಚಿದ್ದು ಇಲ್ಲಿ.

ಅತ್ತೆಯವರ ಹತ್ತಿರ ಹೇಳಿ: ಇಂಜೆಕ್ಷನ್ ಇರುವಾಗ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಯನ್ನು ಡಾಕ್ಟರು ಬರೆದ ಹಾಗೇ ತೆಗೆದುಕೊಳ್ಳಲಿ. ಹಲ್ಲು ಕೀಳಿಸುವ ಮೊದಲು ಇಬ್ಬರೂ ಈ ಔಷಧಿಯ ವಿಷಯ ಹಲ್ಲಿನ ಡಾಕ್ಟರಿಗೆ ತಿಳಿಸಲಿ, ಕೆಲವರಿಗೆ ದವಡೆಯ ಗಾಯ ಮಾಯುವುದಿಲ್ಲ. ಅಜ್ಜಿ ಮಾತ್ರ ಆರು ತಿಂಗಳ ತಾರೀಖು ತಪ್ಪಿಸಬಾರದು. ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ಹಾರೆಯವರು ಒಮ್ಮೆಲೇ ನುಗ್ಗುತ್ತಾರೆ, ಬೆನ್ನುಮೂಳೆ ಮುರಿಯುವುದುಂಟು.

— ಸಂಪಾದಕ